ಕಕ್ಕಸು ತೊಳೆದು ಕೆಟ್ಟ ನನ್ನ ಉಸಿರು

ಕಾಯಿಲೆ ಬಿದ್ದು ಎದ್ದವರು ಬರೆದದ್ದನ್ನು ವಾರಪತ್ರಿಕೆಗಳಲ್ಲಿ ಓದಿದ್ದೇನೆ. ದೇವರು ಪರೀಕ್ಷೆ ಮಾಡಿದ, ತಾಳ್ಮೆ ಕಲಿಸಿದ, ಮನೆಯವರ ಪ್ರೀತಿ ಎಷ್ಟೆಂದು ಆಗ ಗೊತ್ತಾಯಿತು ಎಂದೆಲ್ಲ ಬರೆಯುತ್ತಾರೆ. ನನಗೆ ಕಾಯಿಲೆ ತಾಳ್ಮೆ ಕಲಿಸಲಿಲ್ಲ. ಇದ್ದ ಅಷ್ಟಿಷ್ಟು ತಾಳ್ಮೆಯನ್ನೂ ತೆಗೆದುಕೊಂಡು ಹೋಯಿತು. ನಾಲ್ಕು ವರ್ಷವಾದರೂ ಸಿಟ್ಟು ಇಳಿದಿಲ್ಲ. ಸಮಾಧಾನವಾದ ಮೇಲೆ ಬರೆದರಾಯಿತು ಎಂದು ಕಾದರೆ ಬರೆಯುವುದೇ ಆಗುವುದಿಲ್ಲ ಎಂದು ಸಿಟ್ಟಿನಲ್ಲೇ ಕೂತು ಬರೆಯುತ್ತಿದ್ದೇನೆ.

ನಾನು ಕಡಕೊಳದವಳು. ಅಪ್ಪನದು ಅಲ್ಲಿ ಬೇಸಾಯ. ನಂಜನಗೂಡಿನಲ್ಲಿ ಎಸ್ಸೆಸ್ಸೆಲ್ಸಿ ತನಕ ಓದಿಸಿ, ಮೈಸೂರಿನ ಕುಂಬಾರಕೊಪ್ಪಲಿಗೆ ಕೊಟ್ಟು ಮದುವೆ ಮಾಡಿದರು. ನಮ್ಮವರು ಶಿವಣ್ಣ, ಮೇಟಗಳ್ಳಿ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ಕೀಪರು. ಮನೆಯಲ್ಲಿ ಅತ್ತೆ, ನಾದಿನಿ ಜಯ, ನಾವಿಬ್ಬರು, ಆಗ ಒಂದೂವರೆ ವರ್ಷವಾಗಿದ್ದ ಮಗಳು ಮಣಿ. ಮಾವ ನನ್ನ ಮದುವೆಗೆ ಮುಂಚೆಯೇ ತೀರಿಹೋಗಿದ್ದರು.

ಹಿಂದಿನ ವರ್ಷವಷ್ಟೇ ಮನೆಯೊಳಗೆ ಹೊಸ ಕಕ್ಕಸು ಕಟ್ಟಿಸಿದ್ದೆವು. ಬಿಳಿ ಪಿಂಗಾಣಿಯದು. ನಮ್ಮ ಬೀದಿಯಲ್ಲಿ ಅದೇ ಮೊದಲು. ಅತ್ತೆಗೆ ಅದರ ಮೇಲೆ ಬಹಳ ಅಭಿಮಾನ, ಬಂದವರಿಗೆಲ್ಲ ಬಾಗಿಲು ತೆರೆದು ತೋರಿಸುತ್ತಿದ್ದರು. ಅಡುಗೆಮನೆಗೂ ಬಚ್ಚಲಿಗೂ ನಡುವೆ ಇದ್ದ ಒಂದು ಸಣ್ಣ ಉಗ್ರಾಣವನ್ನೇ ಕಕ್ಕಸು ಮಾಡಿದ್ದರು. ಅದಕ್ಕೆ ಕಿಟಕಿ ಇರಲಿಲ್ಲ. ಸೂರಿನ ಹತ್ತಿರ ಒಂದು ಇಟ್ಟಿಗೆಯಷ್ಟು ತೂತು ಬಿಟ್ಟಿದ್ದರು. ಹಲ್ಲಿ ಬರುತ್ತದೆಂದು ಅದಕ್ಕೂ ಗೋಣಿಚೀಲ ತುರುಕಿತ್ತು.

ಅದೊಂದು ಭಾನುವಾರ. ಜಯಳನ್ನು ನೋಡಲು ಶ್ರೀರಂಗಪಟ್ಟಣದ ಕಡೆಯಿಂದ ಗಂಡಿನವರು ಮಧ್ಯಾಹ್ನ ಮೂರು ಗಂಟೆಗೆ ಬರುವುದಿತ್ತು. ಬೆಳಗಿನಿಂದ ಮನೆಯೆಲ್ಲ ಗುಡಿಸಿ, ಸಾರಿಸಿ, ರಂಗೋಲಿ ಹಾಕಿ ಮುಗಿಸಿದ್ದೆ. ಅತ್ತೆ ಕಕ್ಕಸಿನ ಬಾಗಿಲಲ್ಲಿ ನಿಂತು ಕರೆದರು.

“ರತ್ನಾ, ಇಲ್ಲಿ ನೋಡು. ಹಳದಿ ಕಟ್ಕಂಡದೆ. ಗಂಡಿನ ಕಡೆ ಹೆಂಗಸ್ರು ಬಂದು ನೋಡಿದ್ರೆ ಏನಂದ್ಕತಾರೆ? ಬೆಳ್ಳಗಾಗೋ ಹಂಗೆ ತೊಳ್ದ್ಬುಡು ಕಣಮ್ಮಿ.”

ಬಾವಿಗೆ ಹಾಕುವುದಕ್ಕೆಂದು ಮುನಿಸಿಪಾಲಿಟಿಯವರು ಕೊಟ್ಟಿದ್ದ ಬ್ಲೀಚಿಂಗ್ ಪೌಡರು ಡಬ್ಬದಲ್ಲಿತ್ತು. ಅದನ್ನು ಎರಡು ಹಿಡಿ ಚೆಲ್ಲಿ ಪೊರಕೆಯಲ್ಲಿ ಉಜ್ಜಿದೆ. ಕರೆ ಹೋಗಲಿಲ್ಲ. ನಮ್ಮವರು ಬಂದು ಇಣುಕಿದರು. ಹೋಗಿ ಒಂದು ಹಳೆಯ ಟಾನಿಕ್ ಸೀಸೆ ತಂದು ಕೈಗೆ ಕೊಟ್ಟರು.

“ಇದನ್ನ ಹಾಕು. ಕಾರ್ಖಾನೇಲಿ ತುಕ್ಕು ತೆಗಿಯೋಕೆ ಇಟ್ಟಿರೋ ಆಸಿಡ್ಡು. ಒಂದೇ ಸಲಕ್ಕೆ ಎಲ್ಲಾ ಕಿತ್ಕೊಂಡು ಬರುತ್ತೆ. ಕೈಗೆ ಮಾತ್ರ ತಾಗಿಸ್ಕೋಬೇಡ.”

ಸೀಸೆಯ ಮೇಲೆ ಟಾನಿಕ್ಕಿನ ಚೀಟಿಯೇ ಇತ್ತು. ಕೊಬ್ಬಿದ ಕೆನ್ನೆಯ ಒಂದು ಮಗುವಿನ ಚಿತ್ರ. ಇದರಲ್ಲಿರುವುದು ಇಂಥದ್ದು, ಇಂಥದ್ದರ ಜೊತೆ ಬೆರೆಸಬೇಡ ಎಂದು ಅದರ ಮೇಲೆ ಒಂದಕ್ಷರವೂ ಇರಲಿಲ್ಲ. ಕೈ ಜೋಪಾನ ಎಂದರು ನಮ್ಮವರು. ಎದೆಯ ಬಗ್ಗೆ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅತ್ತೆ ಅಡುಗೆಮನೆಯಿಂದ ಕೂಗಿದರು. “ಬಾಗಿಲು ಹಾಕ್ಕಂಡು ತೊಳಿಯಮ್ಮ. ಪಾಯಸ ಕುದೀತಾ ಅದೆ, ವಾಸ್ನೆ ಬತ್ತದೆ.”

ಬಾಗಿಲು ಎಳೆದುಕೊಂಡೆ. ಸೀಸೆಯಲ್ಲಿದ್ದುದನ್ನು ಅರ್ಧ ಸುರಿದೆ. ಬಿಸಿ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಸದ್ದಾಯಿತು. ಪಿಂಗಾಣಿಯಿಂದ ಹಸಿರು ಮಿಶ್ರಿತ ಹಳದಿ ಹೊಗೆ ಎದ್ದು ನೆಲದ ಮೇಲೆ ಹರಡಿ, ಕುಕ್ಕರಗಾಲಲ್ಲಿ ಕೂತಿದ್ದ ನನ್ನ ಮುಖಕ್ಕೆ ಬಂತು. ಒಂದು ಸಲ ಉಸಿರು ಒಳಗೆ ಎಳೆದುಕೊಂಡೆ, ಅಷ್ಟೇ. ಆಮೇಲೆ ಎಳೆದುಕೊಳ್ಳಲು ಆಗಲಿಲ್ಲ. ಮೆಣಸಿನಕಾಯಿ ಹುರಿದ ಘಾಟು ಎಲ್ಲರಿಗೂ ಗೊತ್ತು. ಇದು ಅದಲ್ಲ. ಗಂಟಲಿನಲ್ಲಿ ಯಾರೋ ಒಂದು ಮುಷ್ಟಿ ಇಟ್ಟು ಬಿಗಿ ಹಿಡಿದ ಹಾಗಿತ್ತು. ಕಣ್ಣು ಬಿಡಲಾಗಲಿಲ್ಲ. ತಡವರಿಸಿಕೊಂಡು ಎದ್ದು ಬಾಗಿಲು ನೂಕಿದೆ.

ಬಾಗಿಲು ತೆರೆಯಲಿಲ್ಲ.

ಗುದ್ದಿದೆ. ಭುಜ ಕೊಟ್ಟು ನೂಕಿದೆ. ಕೂಗೋಣವೆಂದರೆ ದನಿಗೆ ಗಾಳಿ ಬೇಕಲ್ಲ. ಪೊರಕೆಯ ಹಿಡಿಯಿಂದ ಹೊಡೆದೆ. ಆಚೆ ಪಾತ್ರೆಯ ಸದ್ದು ಕೇಳುತ್ತಿತ್ತು. ಪಾಯಸದ ಏಲಕ್ಕಿ ಕುಟ್ಟುವುದೂ ಕೇಳುತ್ತಿತ್ತು. ಮೊಣಕಾಲೂರಿ ಬಿದ್ದೆ. ಬಾಗಿಲ ಅಡಿಯ ಸಂದಿಯಲ್ಲಿ ಒಂದು ಗೆರೆ ಬೆಳಕು ಕಾಣಿಸಿತು, ಅದಕ್ಕೆ ಮೂಗು ಹಚ್ಚಿ ಮಲಗಿದೆ. ಆ ಗೆರೆಯಷ್ಟು ಗಾಳಿಯಿಂದಲೇ ಬದುಕಿದೆ ಎಂದು ಆಮೇಲೆ ಆಸ್ಪತ್ರೆಯ ಡಾಕ್ಟರು ಹೇಳಿದರು.

ಬಾಗಿಲು ತೆಗೆದವಳು ಜಯ. ರೇಷ್ಮೆ ಸೀರೆ ಉಟ್ಟು, ತಲೆಗೆ ಅರ್ಧ ಹೂ ಮುಡಿದುಕೊಂಡಿದ್ದವಳು ನನ್ನ ಎರಡೂ ಕಂಕುಳಿಗೆ ಕೈ ಕೊಟ್ಟು ಹಿತ್ತಿಲಿಗೆ ಎಳೆದಳು. ಅಲ್ಲಿ ಕಲ್ಲಿನ ಮೇಲೆ ಕೂತು ವಾಂತಿ ಮಾಡಿದೆ. ಅತ್ತೆ ಮಜ್ಜಿಗೆ ತಂದರು. “ಮುಖ ತೊಳ್ಕೋ. ಘಾಟು ಹತ್ತಿದೆ, ಸರಿಹೋಗ್ತದೆ. ಅವರು ಬರೋ ಹೊತ್ತಾಯ್ತು” ಎಂದರು.

ಅವರು ಬಂದರು. ನಾನು ಸೀರೆ ಬದಲಾಯಿಸಿ, ಕೆಂಪಗಿದ್ದ ಕಣ್ಣಿಗೆ ಕಾಡಿಗೆ ಹಚ್ಚಿ, ತಟ್ಟೆಯಲ್ಲಿ ಕಾಫಿ ಲೋಟ ಜೋಡಿಸಿಕೊಂಡು ಹೋದೆ. ಯಾರೂ ನನ್ನನ್ನು ಹೊಡೆದು ಕಳಿಸಲಿಲ್ಲ, ನಾನೇ ಹೋದೆ. ಸೊಸೆ ಕಾಣಿಸದಿದ್ದರೆ ಅವರು ಏನಾದರೂ ಅಂದುಕೊಳ್ಳುತ್ತಾರೆ ಎಂದು ಅತ್ತೆ ಹೇಳಿದ್ದು ನನಗೂ ಸರಿ ಎನ್ನಿಸಿತ್ತು. ಈಗ ಅದನ್ನು ನೆನೆದರೆ ನನ್ನ ಮೇಲೆಯೇ ರೇಗುತ್ತದೆ. ನಡುಮನೆ ತಲುಪುವ ಹೊತ್ತಿಗೆ ಕೆಮ್ಮು ಹತ್ತಿತು. ನಿಲ್ಲಲೇ ಇಲ್ಲ. ಲೋಟಗಳು ತಟ್ಟೆಯಲ್ಲಿ ಕುಣಿದವು. ಗಂಡಿನ ಅಜ್ಜಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಪಕ್ಕಕ್ಕೆ ಸರಿದರು. ಯಾರೂ ಕಾಫಿ ಮುಟ್ಟಲಿಲ್ಲ.

ಎರಡು ದಿನಕ್ಕೆ ಮಾತು ಬಂತು. ಹುಡುಗಿ ಒಪ್ಪಿಗೆ, ಆದರೆ ಆ ಮನೆ ಸೊಸೆಗೆ ಎದೆ ಕಾಯಿಲೆಯಂತೆ, ಮನೆಗೇ ಅಂಟಿರಬಹುದು, ಬೇಡ.

ಹೀಗೆ ನಾನು ಕಾಯಿಲೆಯವಳಾಗುವ ಮೊದಲೇ ನಾದಿನಿಯ ಸಂಬಂಧ ಕೆಡಿಸಿದವಳಾದೆ.

ಬೀದಿಯ ತುದಿಯಲ್ಲಿದ್ದ ಡಾಕ್ಟರ ಹತ್ತಿರ ಹೋದೆವು. ಗೋಡೆಗೆ ಆನಿಸಿದ ಎರಡು ಬೆಂಚು, ಅದರ ತುಂಬ ಜನ. ನಾನು ಕೆಮ್ಮಿದಾಗಲೆಲ್ಲ ಪಕ್ಕದವರು ಒಂದೊಂದು ಗೇಣು ಸರಿದು, ಕೊನೆಗೆ ಬೆಂಚಿನ ಆ ಅರ್ಧ ನನ್ನೊಬ್ಬಳದೇ ಆಯಿತು. ಒಳಗೆ ಹೋದರೆ ಡಾಕ್ಟರು ಕೇಳಿದ್ದು ನನ್ನನ್ನಲ್ಲ, ನಮ್ಮವರನ್ನು. ನಮ್ಮವರು, “ಶೀತ ಆಗಿದೆ ಸಾರ್, ಕೆಮ್ಮು ಬಿಡ್ತಾ ಇಲ್ಲ” ಎಂದರು. “ಕಕ್ಕಸು ತೊಳೀತಿದ್ದೆ, ಹೊಗೆ...” ಎಂದು ನಾನು ಶುರು ಮಾಡಿದೆ. ಡಾಕ್ಟರು ನಕ್ಕರು. “ಕಕ್ಕಸು ತೊಳೆದ್ರೆ ಕೆಮ್ಮು ಬರುತ್ತೇನಮ್ಮ? ನಮ್ಮನೇಲೂ ತೊಳೀತಾರೆ” ಎಂದರು. ನಮ್ಮವರ ಕಡೆ ತಿರುಗಿ, “ಹೆಂಗಸರಿಗೆ ಇದು ಸ್ವಲ್ಪ ಮನಸ್ಸಿಂದಲೂ ಬರುತ್ತೆ ಕಣ್ರೀ, ಕೆಲಸ ಕಡಿಮೆ ಕೊಡಿ” ಎಂದು ಕೆಂಪು ಔಷಧಿ ಬರೆದುಕೊಟ್ಟರು.

ಮೂರು ವಾರ ಅದನ್ನು ಕುಡಿದೆ. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಮಾತಾಡಿದರೆ ಎದೆಯಲ್ಲಿ ಸೀಟಿ ಊದಿದ ಹಾಗೆ ಸದ್ದು. ಸಂಜೆಗೆ ಸಣ್ಣ ಜ್ವರ. ರವಿಕೆಗಳೆಲ್ಲ ಸಡಿಲವಾದವು. ಒಂದು ಬೆಳಿಗ್ಗೆ ಕಫದಲ್ಲಿ ಒಂದು ಎಳೆ ರಕ್ತ ಕಂಡಿತು. ಡಾಕ್ಟರು ಈ ಸಲ ನಗಲಿಲ್ಲ. ನಮ್ಮವರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, “ಕ್ಷಯ ಇರಬಹುದು. ಮಗೂನ ದೂರ ಇಡಿ” ಎಂದರು. ಮೆಲ್ಲಗೆ ಹೇಳಿದರೂ ನನಗೆ ಕೇಳಿಸಿತು. ಕೆಟ್ಟದ್ದು ನನ್ನ ಎದೆ, ಕಿವಿಯಲ್ಲ.

ಮನೆಗೆ ಬಂದ ದಿನವೇ ನನ್ನ ತಟ್ಟೆಗೂ ಲೋಟಕ್ಕೂ ಮೊಳೆಯಿಂದ ಗೀರು ಎಳೆದರು, ಗುರುತಿಗೆ. ಹಿತ್ತಿಲ ಸೌದೆ ಕೊಟ್ಟಿಗೆಯಲ್ಲಿ ಚಾಪೆ ಹಾಸಿದರು. ಪಕ್ಕದಲ್ಲೇ ನೀರೊಲೆ. ಬೆಳಿಗ್ಗೆ ಹಂಡೆಗೆ ಉರಿ ಹಾಕಿದರೆ ಹೊಗೆಯೆಲ್ಲ ಕೊಟ್ಟಿಗೆಗೆ. ಹೊಗೆ ಕುಡಿದು ಕಾಯಿಲೆ ಬಿದ್ದವಳನ್ನು ಹೊಗೆಯಲ್ಲೇ ಮಲಗಿಸಿದರು. ಯಾರಿಗೂ ಇದು ತಪ್ಪು ಎನ್ನಿಸಲಿಲ್ಲ. ಆಗ ನನಗೂ ಎನ್ನಿಸಲಿಲ್ಲ. ನನಗೆ ಕ್ಷಯ ಎಂದೇ ನಂಬಿದ್ದೆ.

ಮಣಿ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಅವತ್ತು ಬಿಡಿಸಿದರು. ಅವಳ ಅಳು ಕೊಟ್ಟಿಗೆಗೆ ಕೇಳುತ್ತಿತ್ತು. ನನ್ನ ಎದೆ ಕಟ್ಟಿಕೊಂಡು ಕಲ್ಲಾಯಿತು. ಒಂದು ಕಡೆ ಉಸಿರಿಲ್ಲ, ಇನ್ನೊಂದು ಕಡೆ ಹಾಲು ತುಂಬಿ ನೋವು. ಹಿಂಡಿ ನೆಲಕ್ಕೆ ಚೆಲ್ಲಿದೆ. ನಾಲ್ಕು ದಿನಕ್ಕೆ ಅದೂ ನಿಂತಿತು. ಈ ಒಂದು ಕಾರಣಕ್ಕೆ ನಾನು ಯಾರನ್ನೂ ಕ್ಷಮಿಸಿಲ್ಲ. ಕ್ಷಮಿಸು ಎಂದು ಈ ಬರಹ ಓದಿದವರು ಯಾರೂ ಕಾಗದ ಬರೆಯಬೇಡಿ.

ಆ ದಿನಗಳಲ್ಲಿ ನನ್ನನ್ನು ಉಳಿಸಿದ್ದು ಜಯ. ಸಂಬಂಧ ತಪ್ಪಿದ್ದಕ್ಕೆ ಅವಳು ನನ್ನನ್ನು ಶಪಿಸಬಹುದಿತ್ತು. ಅದರ ಬದಲು ದಿನಾ ನಾಲ್ಕು ಗಂಟೆಗೆ ಮಣಿಯನ್ನು ಎತ್ತಿಕೊಂಡು ಹಿತ್ತಿಲಿಗೆ ಬಂದು, ಕೊಟ್ಟಿಗೆಯಿಂದ ಹತ್ತು ಮಾರು ದೂರ ನಿಂತು, “ಮಣೀ, ಕಾಗೆ ಎಲ್ಲಿ ತೋರ್ಸು? ಅಮ್ಮ ಎಲ್ಲಿ ತೋರ್ಸು?” ಎಂದು ಆಡಿಸುತ್ತಿದ್ದಳು. ಮಗು ಕಾಗೆಯನ್ನು ತೋರಿಸುತ್ತಿತ್ತು, ಆಮೇಲೆ ನನ್ನನ್ನು. ಹತ್ತು ದಿನವಾದ ಮೇಲೆ ಬರಿ ಕಾಗೆಯನ್ನೇ ತೋರಿಸತೊಡಗಿತು.

ನಲವತ್ತು ದಿನವಾಗಿರಬಹುದು, ಅಪ್ಪ ಬಂದರು. ಯಾರೂ ಅವರಿಗೆ ತಿಳಿಸಿರಲಿಲ್ಲ. ಅವರೆಕಾಯಿ ಚೀಲ ಹೊತ್ತು ಬಸ್ಸಿನಲ್ಲಿ ಬಂದವರು, ಮಗಳೆಲ್ಲಿ ಎಂದು ಹುಡುಕಿಕೊಂಡು ಹಿತ್ತಿಲಿಗೆ ಬಂದರು. ನನ್ನನ್ನು ನೋಡಿ ಚೀಲವನ್ನು ಅಲ್ಲೇ ಬಿಟ್ಟರು.

“ಏನಮ್ಮ ಇದು? ನನ್ನ ಮಗಳ್ನ ಸೌದೆ ಜೊತೆ ಪೇರಿಸ್ಬುಟ್ಟಿದ್ದೀರಲ್ಲಾ!” ಎಂದು ಅತ್ತೆಯನ್ನು ಕೇಳಿದರು. ಅಪ್ಪ ಬೀಗಿತ್ತಿಯ ಮುಂದೆ ದನಿ ಎತ್ತಿದ್ದು ಅದೇ ಮೊದಲು.

“ದೊಡ್ಡ ಕಾಯಿಲೆ ಕಣಪ್ಪ. ಮಗೀಗೆ ಅಂಟಿದ್ರೆ? ನಾವೇನು ಬೇಕು ಅಂತ ಮಾಡ್ತೀವಾ?” ಎಂದರು ಅತ್ತೆ.

“ಯಾವ ಆಸ್ಪತ್ರೆ ಹೇಳ್ತು ದೊಡ್ಡ ಕಾಯಿಲೆ ಅಂತ? ಎದೆ ಫೋಟೋ ತೆಗ್ಸಿದ್ರಾ?”

ಯಾರೂ ತೆಗೆಸಿರಲಿಲ್ಲ. ಅಪ್ಪ ಹೊರಗೆ ಹೋಗಿ ಜಟಕಾ ಕರೆತಂದು ನನ್ನನ್ನು ಎತ್ತಿ ಕೂರಿಸಿದರು. ಮುಟ್ಟಿ ಎತ್ತಿದರು. ನಲವತ್ತು ದಿನದಲ್ಲಿ ಯಾರೂ ನನ್ನನ್ನು ಮುಟ್ಟಿರಲಿಲ್ಲ.

ಸರ್ಕಾರಿ ಆಸ್ಪತ್ರೆಯ ಉದ್ದ ಮೊಗಸಾಲೆಯಲ್ಲಿ ಚೀಟಿ ಹಿಡಿದು ಕೂತೆವು. ಬೆಳಿಗ್ಗೆ ಕೂತವರ ಸರದಿ ಬಂದದ್ದು ಊಟದ ಹೊತ್ತು ಕಳೆದ ಮೇಲೆ. ಎಕ್ಸ್‌ರೇ ಕೋಣೆಯಲ್ಲಿ ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಲ್ಲಿಸಿ, “ಉಸಿರು ಎಳ್ಕೊಂಡು ಬಿಗಿಹಿಡಿಯಮ್ಮ” ಎಂದರು. ಎಳೆದುಕೊಂಡರೆ ಕೆಮ್ಮು. ಮೂರು ಸಲ ತೆಗೆದರು. “ಒಂದು ಉಸಿರು ಹಿಡಿಯೋಕೂ ಆಗಲ್ವಾ?” ಎಂದು ಆತ ಗದರಿದ. ಆಗಿದ್ದರೆ ಇಲ್ಲಿಗೆ ಯಾಕಪ್ಪ ಬರುತ್ತಿದ್ದೆ ಎನ್ನಬೇಕೆಂದುಕೊಂಡೆ. ಅಷ್ಟು ಉದ್ದದ ಮಾತಿಗೂ ನನ್ನಲ್ಲಿ ಗಾಳಿ ಇರಲಿಲ್ಲ.

ಮೂರು ದಿನ ಕಫ ಪರೀಕ್ಷೆ ಮಾಡಿದರು. ನಾಲ್ಕನೆಯ ದಿನ ಲೇಡಿ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನಲವತ್ತೈದು ವಯಸ್ಸಿನ, ದಪ್ಪ ಕನ್ನಡಕದ ಹೆಂಗಸು. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿ ತಡೆದು ನನ್ನ ಕಡೆ ತಿರುಗಿದರು.

“ನೋಡಮ್ಮ, ಕೆಮ್ಮು ಶುರುವಾದ ದಿನ ನೀನು ಏನು ಮಾಡ್ತಾ ಇದ್ದೆ?”

ಅಷ್ಟು ದಿನದಲ್ಲಿ ನನ್ನನ್ನು ಹೀಗೆ ಕೇಳಿದವರು ಅವರೊಬ್ಬರೇ. ತುಂಡು ತುಂಡಾಗಿ ಹೇಳಿದೆ. ಪುಡಿ, ಸೀಸೆ, ಹಳದಿ ಹೊಗೆ, ತೆರೆಯದ ಬಾಗಿಲು. ಅವರು ಪೆನ್ನು ಕೆಳಗಿಟ್ಟರು.

“ಎರಡನ್ನೂ ಒಟ್ಟಿಗೆ ಹಾಕಿದ್ಯಾ? ಬಾಗಿಲು ಮುಚ್ಚಿಕೊಂಡು? ಅದು ವಿಷದ ಗಾಳಿ ಕಣಮ್ಮ. ಮೊದಲನೇ ಮಹಾಯುದ್ಧದಲ್ಲಿ ಶತ್ರುಗಳ ಮೇಲೆ ಬಿಟ್ಟಿದ್ದು ಇದನ್ನೇ. ನಿಮ್ಮ ಮನೆಯವರು ನಿನ್ನ ಕೈಲಿ ಅದನ್ನ ಕಕ್ಕಸಿನಲ್ಲಿ ತಯಾರು ಮಾಡಿಸಿದ್ದಾರೆ.” ಆಮೇಲೆ ದನಿ ಇಳಿಸಿ, “ಕ್ಷಯ ಅಲ್ಲ. ಮೂರು ಸಲ ನೋಡಿದ್ದೀವಿ. ಒಳಗೆ ಸುಟ್ಟಿದೆ” ಎಂದರು.

“ಮಗೂನ ಮುಟ್ಟಬಹುದಾ?” ಎಂದೆ.

“ಯಾರು ಮುಟ್ಟಬೇಡ ಅಂದಿದ್ದು? ಇವತ್ತೇ ಮುಟ್ಟು” ಎಂದರು.

ಸಂತೋಷದಿಂದ ಅಳುತ್ತೇನೆ ಎಂದುಕೊಂಡಿದ್ದೆ. ಅಳು ಬರಲಿಲ್ಲ. ಬಂದದ್ದು ಸಿಟ್ಟು. ಒಂದು ಪ್ರಶ್ನೆ. ಯಾರಾದರೂ ಮೊದಲ ದಿನವೇ ಈ ಒಂದು ಪ್ರಶ್ನೆಯನ್ನು ಕೇಳಿ, ಉತ್ತರ ಮುಗಿಯುವ ತನಕ ಕಾದಿದ್ದರೆ ಸಾಕಿತ್ತು.

ಮೂರು ವಾರ ವಾರ್ಡಿನಲ್ಲಿದ್ದೆ. ಮೂಗಿಗೆ ರಬ್ಬರ್ ಕೊಳವೆ, ಹಾಸಿಗೆ ಪಕ್ಕದಲ್ಲಿ ಆಳೆತ್ತರದ ಆಮ್ಲಜನಕದ ಸಿಲಿಂಡರ್, ಬೆಳಿಗ್ಗೆ ಸಂಜೆ ಇಂಜೆಕ್ಷನ್. ಮೊದಲ ದಿನ ಆ ಗಾಳಿ ಒಳಗೆ ಹೋದಾಗ ಬಿಸಿಲಿನಲ್ಲಿ ಬಂದು ತಣ್ಣನೆ ನೀರು ಕುಡಿದ ಹಾಗಾಯಿತು. ಪಕ್ಕದ ಹಾಸಿಗೆಯ ಮುದುಕಿ ನನಗೆ ಕೆಮ್ಮು ಬಂದಾಗಲೆಲ್ಲ ತನ್ನ ಕಾಲನ್ನು ಚಾಚಿ ನನ್ನ ಹಾಸಿಗೆಗೆ ತಾಗಿಸಿ, “ನಾನಿವ್ನಿ ಕಣವ್ವ” ಎನ್ನುತ್ತಿದ್ದಳು. ಹೆಸರು ಕೇಳಲೇ ಇಲ್ಲ. ಒಂದು ಸೋಮವಾರ ಆ ಹಾಸಿಗೆ ಖಾಲಿಯಾಗಿತ್ತು.

ನಮ್ಮವರು ಬಂದಾಗ ಲೇಡಿ ಡಾಕ್ಟರು ವಾರ್ಡಿನಲ್ಲೇ ಹಿಡಿದರು. “ಆಸಿಡ್ಡನ್ನ ಟಾನಿಕ್ ಸೀಸೆಯಲ್ಲಿ ತುಂಬಿಸಿ ಮನೆಗೆ ತಂದವರು ನೀವೇನಾ? ಮಗು ಇರೋ ಮನೆ. ಮೇಲಿರೋ ಚಿತ್ರ ನೋಡಿ ಯಾರಾದ್ರೂ ಒಂದು ಚಮಚ ಕುಡಿಸಿದ್ರೆ?”

ನಮ್ಮವರ ಮುಖ ಬಿಳುಚಿತು. “ನಾನು ಬೇಕು ಅಂತ ಮಾಡ್ತೀನಾ ಮೇಡಂ?” ಎಂದರು.

ಅತ್ತೆ ಅಂದದ್ದೂ ಅದನ್ನೇ. ಬೀದಿಯ ಡಾಕ್ಟರನ್ನು ಕೇಳಿದರೆ ಅವರೂ ಅದನ್ನೇ ಅನ್ನುತ್ತಿದ್ದರೇನೋ. ಆ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬೇಕಂತ ಮಾಡುವವರಿಂದ ಹೆಂಗಸರು ಹೇಗೋ ತಪ್ಪಿಸಿಕೊಂಡಾರು. ಯೋಚನೆಯನ್ನೇ ಮಾಡದವರಿಂದ ತಪ್ಪಿಸಿಕೊಳ್ಳುವುದು ಎಲ್ಲಿಗೆ ಹೋಗಿ?

ಜಯ ಮಣಿಯನ್ನು ಕರೆತಂದಳು. ಕೈ ಚಾಚಿದೆ. ಮಗು ನನ್ನ ಮೂಗಿನ ಕೊಳವೆ ನೋಡಿ ಜಯಳ ಕುತ್ತಿಗೆ ಅವುಚಿಕೊಂಡು, “ಅಮ್ಮ” ಎಂದು ಅವಳನ್ನೇ ಕರೆಯಿತು. ಜಯ ಗಾಬರಿಯಿಂದ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರು.

“ಅತ್ತಿಗೆ, ನಿಮಗೊಂದು ಹೇಳ್ಬೇಕು. ಅವತ್ತು ಬಾಗಿಲು ಬಿಗಿದುಕೊಂಡಿರ್ಲಿಲ್ಲ. ಅಮ್ಮ ಆಚೆಯಿಂದ ಚಿಲಕ ಹಾಕ್ಬುಟ್ಟಿದ್ಳು. ನೀವು ಬಡೀತಿದ್ದದ್ದು ನನಗೂ ಕೇಳ್ತಿತ್ತು. ಪೊರಕೇಲಿ ಗೋಡೆ ಉಜ್ತಾವ್ರೆ ಅಂದ್ಕೊಂಡು ಹೂ ಮುಡ್ಕೊತಾ ಕೂತಿದ್ದೆ.”

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಎರಡನೆಯ ಸಲ ಬಡಿದಾಗ ಎದ್ದು ಬಂದವಳು ಅವಳೊಬ್ಬಳೇ ಅಲ್ಲವೇ. ಅಲ್ಲದೆ, ನಿಜ ಹೇಳಿದಳಲ್ಲ.

ವಾರ್ಡಿನಿಂದ ಬಿಟ್ಟ ದಿನ ನೇರ ಕುಂಬಾರಕೊಪ್ಪಲಿಗೆ ಹೋದೆ. ಮಗುವನ್ನು ಎತ್ತಿಕೊಳ್ಳುವುದಕ್ಕೆ, ಮತ್ತೆ ಕೇಳುವುದಕ್ಕೆ. ಅತ್ತೆ ಅಕ್ಕಿ ಆರಿಸುತ್ತಾ ಕೂತಿದ್ದರು.

“ಚಿಲಕ ಯಾಕೆ ಹಾಕಿದ್ರಿ ಅತ್ತೆ?”

ಮೊರದಲ್ಲಿದ್ದ ಕೈ ನಿಂತಿತು. “ಬಾಗಿಲು ತಾನಾಗೇ ತೆರ್ಕೊಂಡು ಬತ್ತಿತ್ತು ಕಣಮ್ಮಿ. ವಾಸ್ನೆ ಬತ್ತದೆ ಅಂತ ಹಾಕ್ದೆ. ಬೇಕು ಅಂತ ಮಾಡಿದ್ನಾ?”

“ಬೇಕಂತ ಮಾಡ್ಲಿಲ್ಲ, ಸರಿ. ಬಡಿದಾಗ ಯಾಕೆ ಬರಲಿಲ್ಲ?”

“ಪಾಯಸ ತಳ ಹಿಡೀತಿತ್ತು...” ಎಂದವರು ಅರ್ಧಕ್ಕೆ ನಿಲ್ಲಿಸಿದರು. ತಾವು ಆಡಿದ ಮಾತು ತಮಗೇ ಕೇಳಿಸಿರಬೇಕು. ಕೇಳುವುದಕ್ಕೆ ಇನ್ನೇನು ಉಳಿದಿತ್ತು?

ನಮ್ಮವರಿಗೆ ಮೂರು ಮಾತು ಹೇಳಿದೆ. ಕಕ್ಕಸಿಗೆ ಕಿಟಕಿ ಆಗಬೇಕು. ಹೊರಗಿನ ಚಿಲಕ ಕೀಳಬೇಕು. ಇನ್ನು ಮುಂದೆ ಅದನ್ನು ತೊಳೆಯುವವರು ನೀವು. ಇಷ್ಟಾದ ದಿನ ಕಡಕೊಳಕ್ಕೆ ಬಂದು ಹೇಳಿ, ಆಮೇಲೆ ಬರುತ್ತೇನೆ. ಮಣಿಯನ್ನು ಎತ್ತಿಕೊಂಡು ಅಪ್ಪನ ಜೊತೆ ಬಸ್ಸು ಹತ್ತಿದೆ. ಬಸ್ಸಿನ ತನಕ ನಡೆಯುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಂಡೆ.

ನಾಲ್ಕು ತಿಂಗಳು ಕಡಕೊಳದಲ್ಲಿದ್ದೆ. ಮಣಿ ಒಂದು ವಾರ ನನ್ನ ಹತ್ತಿರ ಮಲಗಲಿಲ್ಲ. ಎಂಟನೆಯ ದಿನ ಮಧ್ಯಾಹ್ನ ತಾನಾಗಿಯೇ ಬಂದು ನನ್ನ ಎದೆಗೆ ಕಿವಿ ಇಟ್ಟು, ಒಳಗಿನ ಸೀಟಿ ಕೇಳಿ, “ಹಕ್ಕಿ” ಎಂದಿತು. ಆಗ ನನಗೆ ಅಳು ಬಂತು. ಕಾಯಿಲೆ ಶುರುವಾದ ಮೇಲೆ ಮೊದಲ ಸಲ ಗಟ್ಟಿಯಾಗಿ ಅತ್ತುಬಿಟ್ಟೆ.

ನಮ್ಮವರು ಎರಡನೆಯ ತಿಂಗಳಲ್ಲಿ ಬಂದು, ಆಗಿದೆ ಎಂದರು. ನಾನು ನಂಬಲಿಲ್ಲ. ನಾಲ್ಕನೆಯ ತಿಂಗಳು ಹೋಗಿ ನೋಡಿದರೆ ನಿಜ. ಗಾರೆಯವರನ್ನು ಕರೆಸದೆ ತಾವೇ ಉಳಿ ಸುತ್ತಿಗೆ ಹಿಡಿದು ಗೋಡೆ ಒಡೆದು ಕಿಟಕಿ ಕೂರಿಸಿದ್ದರು. ಓರೆಯಾಗಿತ್ತು, ಆದರೆ ಕಿಟಕಿ ದೊಡ್ಡದು. ತೊಳೆಯುವುದನ್ನೂ ಅವರೇ ಮಾಡುತ್ತಿದ್ದರು, ಬರಿ ನೀರು ಮತ್ತು ಸೋಪಿನಪುಡಿಯಲ್ಲಿ. ಗಂಡಸು ಕಕ್ಕಸು ತೊಳೆಯುವುದನ್ನು ನೋಡಲು ಪಕ್ಕದ ಮನೆಯವರು ಏನಾದರೂ ನೆಪ ಮಾಡಿಕೊಂಡು ಬರುತ್ತಿದ್ದರಂತೆ. ಜಯಳಿಗೆ ಮುಂದಿನ ವರ್ಷ ಬೇರೆ ಕಡೆ ಮದುವೆಯಾಯಿತು. ಅತ್ತೆ ತಪ್ಪಾಯಿತು ಎನ್ನಲಿಲ್ಲ, ಇವತ್ತಿಗೂ ಅಂದಿಲ್ಲ. ಆದರೆ ಗೀರು ಹಾಕಿದ ಆ ತಟ್ಟೆಯಲ್ಲಿ ಈಗ ತಾವು ಊಟ ಮಾಡುತ್ತಾರೆ. ನಾನು ನೋಡಿದ್ದೇನೆ ಎಂದು ಅವರಿಗೆ ಗೊತ್ತು. ಅದರಿಂದ ನನ್ನ ಸಿಟ್ಟು ಇಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಎದೆ ಪೂರ್ತಿ ಸರಿಹೋಗಿಲ್ಲ. ಹೋಗುವುದಿಲ್ಲ ಎಂದು ಲೇಡಿ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಊದುಬತ್ತಿ ಹಚ್ಚಿದರೆ, ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೆ ಹೊರಗೆ ಹೋಗಿ ನಿಲ್ಲುತ್ತೇನೆ. ಚಳಿಗಾಲದಲ್ಲಿ ದಿನಕ್ಕೆರಡು ಬಿಳಿ ಮಾತ್ರೆ. ತಿಂಗಳಿಗೊಮ್ಮೆ ಅದೇ ಮೊಗಸಾಲೆಯಲ್ಲಿ ಕಾಯುತ್ತೇನೆ.

ಕಳೆದ ವರ್ಷ ಹಾಗೆ ಕೂತಿದ್ದಾಗ, ಬೆಂಚಿನಲ್ಲಿ ಜಾಗವಿದ್ದರೂ ಒಬ್ಬಾಕೆ ನೆಲದ ಮೇಲೆ ಕೂತಿದ್ದಳು. ಐವತ್ತರ ಹತ್ತಿರದವಳು. ಅವಳು ಕೆಮ್ಮಿದಳು. ನನಗೆ ಆ ಕೆಮ್ಮು ಗೊತ್ತಾಯಿತು. ಕೊನೆಯಲ್ಲಿ ಆ ಸೀಟಿ.

“ಮೇಲೆ ಕೂತ್ಕೊಳಿ ಬನ್ನಿ. ಎಷ್ಟು ದಿನದಿಂದ ಈ ಕೆಮ್ಮು?” ಎಂದೆ.

ಅವಳು ಮೇಲೆ ಕೂರಲಿಲ್ಲ. “ದಿನ ಎಲ್ಲಿ ಬಂತವ್ವ, ಹದಿನೈದು ವರ್ಸ ಆಗದೆ. ಮುನಿಸಿಪಾಲ್ಟೀಲಿ ಕಕ್ಕಸ್ ತೊಳಿಯೋ ಕೆಲ್ಸ ನಂದು. ಪುಡಿ ಆಕ್ತೀವಿ, ಆಸಿಡ್ ಉಯ್ತೀವಿ. ನಮ್ಮ ಓಣೀಲಿ ಎಲ್ರೂ ಇಂಗೇ ಕೆಮ್ಮೋದು.”

ಅವಳ ಹೆಸರು ಚೌಡಮ್ಮ. ನಾನು ನನಗಾದದ್ದನ್ನು ಹೇಳಿದೆ. ಎರಡನ್ನೂ ಒಟ್ಟಿಗೆ ಹಾಕಬಾರದು, ಬಾಗಿಲು ಕಿಟಕಿ ತೆರೆದಿಟ್ಟುಕೊಂಡೇ ತೊಳೆಯಬೇಕು ಎಂದು ಉತ್ಸಾಹದಿಂದ ಬುದ್ಧಿ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು.

“ಒಟ್ಗೆ ಆಕ್ಬೇಡಿ ಅಂತ ನಮಗ್ಯಾರವ್ವ ಏಳಿದ್ರು? ಬೇಗ ಬೆಳ್ಳಗಾಗ್ಲಿ ಅಂತಾರೆ ಮೇಸ್ತ್ರಿ, ಆಕ್ತೀವಿ. ಕಿಟಕಿ ತೆಗೀರಿ ಅಂತೀರಿ. ನಾವು ತೊಳಿಯೋ ಕಡೆ ಕಿಟಕಿ ಎಲ್ಲೈತೆ? ವಾಸ್ನೆ ಬತ್ತದೆ ಅಂತ ಮನೆಯವರು ಬಾಗ್ಲು ಹಾಕ್ಕತಾರೆ.”

ಹೊಸ ಕಕ್ಕಸು ಕಟ್ಟಿಸುವ ಮೊದಲು ನಮ್ಮ ಹಿತ್ತಿಲ ಮೂಲೆಯಲ್ಲೂ ಒಂದಿತ್ತು. ಅದನ್ನು ತೊಳೆಯಲು ದಿನಾ ಬೆಳಿಗ್ಗೆ ಒಬ್ಬಾಕೆ ಬರುತ್ತಿದ್ದಳು. ಎರಡು ವರ್ಷ ಬಂದಳು. ಅವಳು ಬಂದ ಸದ್ದು ಕೇಳಿದೊಡನೆ ಹಿತ್ತಿಲ ಬಾಗಿಲನ್ನು ಎಳೆದು ಅಗುಳಿ ಹಾಕುತ್ತಿದ್ದವಳು ನಾನೇ. ಒಳಗಿನಿಂದಲೇ, “ಪುಡಿ ಇನ್ನೊಂದಷ್ಟು ಹಾಕಿ ತೊಳಿ” ಎಂದು ಕೂಗುತ್ತಿದ್ದೆ. ಅವಳೂ ಕೆಮ್ಮುತ್ತಿದ್ದಳು. ನನಗೆ ಕೇಳಿಸುತ್ತಿತ್ತು. ಅವಳ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಬೇಕಂತ ಮಾಡಿದ್ದೆನೇ? ಇಲ್ಲ.

ನನ್ನ ಸರದಿ ಬಂತು. ಚೌಡಮ್ಮನ ಕೈ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದೆ. “ಒಂದು ಚೀಟಿಗೆ ಒಬ್ಬರೇ” ಎಂದು ಬಾಗಿಲಲ್ಲಿದ್ದ ಜವಾನ ಅಡ್ಡ ಬಂದ. “ಹಾಗಾದ್ರೆ ನನ್ನ ಚೀಟಿ ಇವರಿಗೆ” ಎಂದೆ. ಎಷ್ಟು ಗಟ್ಟಿಯಾಗಿ ಎಂದರೆ ಮೊಗಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟು ಗಟ್ಟಿ ದನಿ ನನ್ನಲ್ಲಿ ಇನ್ನೂ ಉಳಿದಿದೆ ಎಂದು ನನಗೆ ತಿಳಿದಿರಲಿಲ್ಲ.

ಲೇಡಿ ಡಾಕ್ಟರು ತಲೆ ಎತ್ತಿ ಇಬ್ಬರನ್ನೂ ನೋಡಿದರು. ನಾನು ಏನನ್ನೂ ವಿವರಿಸಲಿಲ್ಲ. ಚೌಡಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದೆ ಸರಿದು ಗೋಡೆಗೆ ಒರಗಿ ನಿಂತೆ. ಡಾಕ್ಟರು ಅವಳ ಕಡೆ ಬಾಗಿ ಕೇಳಿದರು.

“ಹೇಳಮ್ಮ. ನೀನು ದಿನಾ ಏನು ಕೆಲಸ ಮಾಡ್ತೀಯ?”

ಚೌಡಮ್ಮ ಹೇಳತೊಡಗಿದಳು. ಹದಿನೈದು ವರ್ಷದ್ದನ್ನು ಹೇಳಲು ಬಹಳ ಹೊತ್ತು ಹಿಡಿಯಿತು. ನಡುನಡುವೆ ಕೆಮ್ಮು ಬಂದಾಗ ನಾವಿಬ್ಬರೂ ಕಾದೆವು.